ಜಗಲಿಯಿಂದ ಬಚ್ಚಲಿಗೆ: ನನ್ನ ಅನುಭವ

ನಿವೃತ್ತನಾಗುವವರೆಗೂ ಮಟ್ಟ ನೋಡುವುದೇ ನನ್ನ ಕೆಲಸವಾಗಿತ್ತು. ವಿಶ್ವೇಶ್ವರಯ್ಯ ನಾಲೆಯಿಂದ ಕವಲೊಡೆದ ಸಣ್ಣ ನಾಲೆಗಳ ಏರಿಯ ಮೇಲೆ ಲೆವೆಲ್ ಯಂತ್ರ ಇಟ್ಟುಕೊಂಡು, ದೂರದಲ್ಲಿ ಅಳತೆಗೋಲು ಹಿಡಿದು ನಿಂತವನಿಗೆ ಕೈಸನ್ನೆ ಮಾಡುತ್ತಾ, ಒಂದು ಬಯಲಿಗೂ ಇನ್ನೊಂದು ಬಯಲಿಗೂ ಇರುವ ಅಂಗುಲಗಳ ವ್ಯತ್ಯಾಸವನ್ನು ಬರೆದುಕೊಳ್ಳುತ್ತಾ ಮೂವತ್ತು ವರ್ಷ ಕಳೆದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾನು ಓಡಾಡದ ದಾರಿ ಕಡಿಮೆ. ಆದರೆ ಆ ಹಳ್ಳಿಗಳ ಮನೆಯೊಳಗೆ, ನಡುಮನೆಯ ಮೂಲೆಯಲ್ಲಿ, ಹಗಲಿಡೀ ಒಂದೇ ಕಡೆ ಮಲಗಿರುವವರೂ ಇದ್ದಾರೆ ಎಂಬುದು ಆ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅವರು ಬೀದಿಗೆ ಬರುತ್ತಿರಲಿಲ್ಲ, ನಾನು ಒಳಗೆ ಹೋಗುತ್ತಿರಲಿಲ್ಲ.

ನಾನು ಒಳಗೆ ಹೋಗಲು ಕಾರಣವಾದದ್ದು ಡಿಸೆಂಬರ್ 3ರ ಒಂದು ಸಮಾರಂಭ. ವಿಶ್ವ ಅಂಗವಿಕಲರ ದಿನದಂದು ಗಾಲಿಕುರ್ಚಿ, ಊರುಗೋಲು, ಶ್ರವಣಸಾಧನಗಳನ್ನು ವಿತರಿಸುವ ಕಾರ್ಯಕ್ರಮಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ನೆರೆಮನೆಯ ನಿವೃತ್ತ ಮೇಷ್ಟ್ರು ಕರೆದುಕೊಂಡು ಹೋದರು. ನಾನು ಹೆಸರು ಬರೆದುಕೊಂಡು ಸಾಮಾನು ಕೊಡುವ ಮೇಜಿನಲ್ಲಿ ಕುಳಿತಿದ್ದೆ. ಹಾರ, ಭಾಷಣ, ಫೋಟೊ ಎಲ್ಲವೂ ಆದವು. ಕೆಲಸದಲ್ಲಿದ್ದಾಗಿನ ಅಭ್ಯಾಸವೊಂದು ನನ್ನನ್ನು ಬಿಟ್ಟಿರಲಿಲ್ಲ. ತೂಬು ಕಟ್ಟಿದ ಮೇಲೆ ಮೊದಲ ನೀರು ಹರಿಯುವಾಗ ಹೋಗಿ ನೋಡದೆ ನನಗೆ ಸಮಾಧಾನವಿರುತ್ತಿರಲಿಲ್ಲ. ಹಾಗಾಗಿ ಒಂದು ತಿಂಗಳ ನಂತರ, ನನ್ನ ಕೈಯಿಂದಲೇ ಕೊಟ್ಟ ಗಾಲಿಕುರ್ಚಿಗಳಲ್ಲಿ ನಾಲ್ಕನ್ನು ಹುಡುಕಿಕೊಂಡು ಹಲಗೂರು ಕಡೆಯ ಹಳ್ಳಿಗಳಿಗೆ ಹೋದೆ. ಒಂದು ಅಟ್ಟದ ಮೇಲಿತ್ತು. ಇನ್ನೊಂದರ ಮೇಲೆ ರಾಗಿ ಮೂಟೆ ಕೂತಿತ್ತು. ಮೂರನೆಯದು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಗೋಡೆಗೆ ಒರಗಿತ್ತು. ನಾಲ್ಕನೆಯ ಮನೆಯವರು ಮಾತ್ರ ಅದನ್ನು ಬಳಸುತ್ತಿದ್ದರು, ಅವರ ಮನೆಗೆ ಜಗಲಿಯೇ ಇರಲಿಲ್ಲ.

ಆ ದಿನ ನನ್ನ ಜೊತೆ ಬಂದಿದ್ದವರು ಆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟದ ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ, ಕೊಡುವುದು ಸಂಬಳವಲ್ಲ, ಸಣ್ಣ ಗೌರವಧನ. ಆಕೆಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿದೆ. ದೇಶದಲ್ಲಿ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ; 2014ರ ಮಾರ್ಚ್‌ನಲ್ಲಿ ಭಾರತವನ್ನು ಪೋಲಿಯೊ ಮುಕ್ತ ಎಂದು ಘೋಷಿಸಲಾಯಿತು. ಹಾಗಾಗಿ ಕಾಲಿಗೆ ಕ್ಯಾಲಿಪರ್ ಎಂಬ ಲೋಹದ ಆಸರೆ ಕಟ್ಟಿಕೊಂಡು ಹಳ್ಳಿ ಶಾಲೆಗೆ ನಡೆದವರಲ್ಲಿ ಆಕೆಯ ವಯಸ್ಸಿನವರದೇ ಬಹುಶಃ ಕೊನೆಯ ತಲೆಮಾರು. ಹಿಂದಕ್ಕೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಆಕೆ ಮುಂದೆ, ನನ್ನ ಬೈಕು ಹಿಂದೆ. ಅಟ್ಟದ ಮೇಲಿನ ಕುರ್ಚಿ ನೋಡಿ ನಾನು ಬೇಸರ ಮಾಡಿಕೊಂಡಾಗ ಆಕೆ ಹೇಳಿದ ಮಾತು ಮುಂದೆ ನನ್ನ ಕೆಲಸಕ್ಕೆಲ್ಲ ನಿಯಮವಾಯಿತು: "ಸಾ, ಮೊದಲ್ನೇ ಮೂರ್ ಸತಿ ಯಾರ್ ಮನೇಗೂ ಏನೂ ಕೊಡ್ಬ್ಯಾಡಿ. ಸುಮ್ನೆ ಕುಂತ್ಕಂಡು ಎದ್ ಬನ್ನಿ."

ಕೇಳುವುದಕ್ಕೆ ಸುಲಭವಾದ ಮಾತು, ನಡೆಸುವುದು ಬಹಳ ಕಷ್ಟ. ಕೈಯಲ್ಲಿ ಹಣ್ಣಿನ ಚೀಲವೂ ಇಲ್ಲದೆ ಅಪರಿಚಿತರ ಮನೆಯ ಚಾಪೆಯ ಮೇಲೆ ಕುಳಿತಿರುವಾಗ ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಮೊದಲ ಕೆಲವು ವಾರ ಮನೆಗೆ ಮರಳುವ ದಾರಿಯಲ್ಲಿ ನನ್ನೊಳಗೆ ಏಳುತ್ತಿದ್ದ ಭಾವನೆಯನ್ನು ಮರೆಮಾಚದೆ ಹೇಳಬೇಕು: ದೇವರು ನನಗೆ ಎಲ್ಲವನ್ನೂ ಸರಿಯಾಗಿ ಕೊಟ್ಟಿದ್ದಾನೆ, ನನ್ನ ಮಂಡಿನೋವು ಒಂದು ನೋವೇ ಅಲ್ಲ, ಎಂಬ ಒಂದು ಬಗೆಯ ನಿರಾಳ. ಸ್ವಯಂಸೇವೆಗೆ ಬಂದವರಲ್ಲಿ ಅನೇಕರು ಇದನ್ನೇ ತಾವು ಕಲಿತ ಪಾಠವೆಂದು ಹೇಳುವುದನ್ನು ನಾನು ಕೇಳಿದ್ದೇನೆ. ಅದು ಪಾಠವಲ್ಲವೆಂದು ಈಗ ನನಗೆ ಖಚಿತವಾಗಿದೆ. ಇನ್ನೊಬ್ಬರ ಬದುಕನ್ನು ನಮ್ಮ ಸುಖದ ಅಳತೆಗೋಲಾಗಿ ಬಳಸಿಕೊಂಡಾಗ ಆ ವ್ಯಕ್ತಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಮಗೆ ಕಾಣುವುದು ನಾವೇ, ಇನ್ನಷ್ಟು ಚೆನ್ನಾಗಿ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅವರಲ್ಲಿ ಹತ್ತಕ್ಕೆ ಏಳು ಮಂದಿ ಇದ್ದದ್ದು ಹಳ್ಳಿಗಳಲ್ಲಿ. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವುದು 21 ಬಗೆಗಳನ್ನು. ನಾಗಮಂಗಲದ ಬೆದ್ದಲು ನೆಲದ ಊರೊಂದರಲ್ಲಿ ಅಥವಾ ಹಲಗೂರಿನ ಆಚೆ ಕಾಡಂಚಿನ ಊರೊಂದರಲ್ಲಿ ಈ ಸಂಖ್ಯೆಗೆ ಅರ್ಥ ಬರುವುದು ಬಸ್ಸಿನ ವೇಳೆಯಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು; ಅದರ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ರಿಯಾಯಿತಿ ಪಾಸು ಇದ್ದೂ ಬಸ್ಸು ಹತ್ತಲಾರದವರನ್ನು ನಾನು ಪ್ರತಿ ಊರಿನಲ್ಲೂ ಕಂಡಿದ್ದೇನೆ.

ನಾನು ಅತಿ ದೊಡ್ಡ ತಪ್ಪು ಮಾಡಿದ್ದು ಮತ್ತು ಅತಿ ಹೆಚ್ಚು ಕಲಿತದ್ದು ಒಂದೇ ಮನೆಯಲ್ಲಿ. ಆ ಮನೆಯ ಯಜಮಾನರಿಗೆ ಮೂವತ್ತೆಂಟು ವರ್ಷ. ತೆಂಗಿನಕಾಯಿ ಕೀಳುವುದು ಅವರ ವೃತ್ತಿಯಾಗಿತ್ತು. ಮಳೆ ನಿಂತ ಮಾರನೆಯ ಬೆಳಿಗ್ಗೆ ಪಾಚಿ ಹಿಡಿದ ಮರದಿಂದ ಜಾರಿಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನವೂ ಇಲ್ಲ, ಸ್ಪರ್ಶವೂ ಇಲ್ಲ. ತೆಂಗು ಇಷ್ಟೊಂದು ಬೆಳೆಯುವ ನಮ್ಮ ಸೀಮೆಯಲ್ಲಿ ಇಂಥ ಮನೆ ಅದೊಂದೇ ಅಲ್ಲ. ಅಟ್ಟದ ಮೇಲೆ ಗಾಲಿಕುರ್ಚಿ ಇದ್ದದ್ದು ಅಲ್ಲಿಯೇ.

ನಾನು ಮೂರು ಸಲ ಸುಮ್ಮನೆ ಕುಳಿತು ಬರಲಿಲ್ಲ. ಎರಡನೆಯ ಸಲಕ್ಕೇ ಟೇಪು ಹೊರತೆಗೆದೆ. ಜಗಲಿ ಎರಡು ಅಡಿ ಎತ್ತರವಿತ್ತು. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ನನಗೆ ಗೊತ್ತಿತ್ತು; ಅಂದರೆ ಇಪ್ಪತ್ತನಾಲ್ಕು ಅಡಿ. ಆ ಬೀದಿಯ ಅಗಲವೇ ಹನ್ನೊಂದು ಅಡಿ, ಎದುರಿಗೆ ಚರಂಡಿ. ಇಷ್ಟು ಗೊತ್ತಿದ್ದೂ, ಏನೂ ಇಲ್ಲದಿರುವುದಕ್ಕಿಂತ ಇದ್ದದ್ದು ಮೇಲೆಂದು ಯೋಚಿಸಿ, ಎಂಟು ಅಡಿಯಲ್ಲೇ ಇಳಿಸಿ ಸಿಮೆಂಟು ಹಾಕಿಸಿದೆ. ಒಂದಕ್ಕೆ ನಾಲ್ಕರ ಆ ಇಳಿಜಾರಿನಲ್ಲಿ ಗಂಡನನ್ನು ಮೇಲಕ್ಕೆ ತಳ್ಳಲು ಆತನ ಹೆಂಡತಿಗೆ ಆಗುತ್ತಿರಲಿಲ್ಲ. ಮೊದಲ ಮಳೆಯ ದಿನ ಆಕೆಯ ಕಾಲು ಜಾರಿತು, ಕುರ್ಚಿ ಹಿಂದಕ್ಕೆ ಉರುಳಿತು, ಆತನ ಮೊಣಕೈಯ ಚರ್ಮ ಕಿತ್ತುಹೋಯಿತು. ತಲೆಗೆ ಪೆಟ್ಟಾಗದಿದ್ದದ್ದು ಅದೃಷ್ಟ.

ಸುದ್ದಿ ತಿಳಿದು ಓಡಿಹೋದಾಗ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಧಾನವಾಗಿ ಹೇಳಿದರು: "ಬೀದಿಗೆ ಓಯ್ತೀನಿ ಅಂತ ನಾನ್ ಯಾವತ್ತೂ ಕೇಳ್ನಿಲ್ಲ ಸಾ. ಬಚ್ಚಲ್ಗೆ ನಾನೇ ಓಗಂಗಾದ್ರೆ ಸಾಕಾಗಿತ್ತು. ನನ್ ಎಂಡ್ರು ನನ್ನ ಎತ್ಕಂಡ್ ಓಗದ್ನ ಮಕ್ಳು ನೋಡ್ತವೆ."

ನಾನು ಜಗಲಿಯ ಎತ್ತರ ಅಳೆದಿದ್ದೆ, ಬೀದಿಯ ಅಗಲ ಅಳೆದಿದ್ದೆ. ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಅಡಿ ಎಂಬುದನ್ನು ಅಳೆದಿರಲಿಲ್ಲ. ಅದು ಹದಿನೇಳು ಅಡಿ. ಆ ಹದಿನೇಳು ಅಡಿಯನ್ನು ದಾಟುವುದು ಆ ಮನೆಯಲ್ಲಿ ದಿನಕ್ಕೆ ಮೂರು ಸಲ ಇಬ್ಬರ ಮೈಯನ್ನೂ ಮನಸ್ಸನ್ನೂ ದಣಿಸುತ್ತಿತ್ತು.

ಇಳಿಜಾರನ್ನು ಒಡೆಸಿ ತೆಗೆದೆವು. ಆಮೇಲಿನ ಕೆಲಸವನ್ನು ಆತನೇ ಮಲಗಿದಲ್ಲಿಂದ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಹಿತ್ತಲಿನಲ್ಲಿ ಜಾಗವಿಲ್ಲದ್ದರಿಂದ ಶೌಚಾಲಯವನ್ನೂ ಬಚ್ಚಲನ್ನೂ ಮನೆಯ ಮುಂಬದಿಯ ಒಂದು ಮಗ್ಗುಲಲ್ಲಿ, ಜಗಲಿಯ ಮಟ್ಟಕ್ಕೇ ಕಟ್ಟಿದ್ದರು. ಅದರ ಬಾಗಿಲು ಎರಡು ಅಡಿ, ಗಾಲಿಕುರ್ಚಿ ಅದಕ್ಕಿಂತ ಅಗಲ. ಹಾಗಾಗಿ ಕುರ್ಚಿಯ ಆಲೋಚನೆಯನ್ನೇ ಬಿಟ್ಟೆವು. ಊರಿನ ಹುಡುಗರು ಹಳೆಯ ಬೇರಿಂಗುಗಳನ್ನು ಹಲಗೆಗೆ ಸಿಕ್ಕಿಸಿ ಆಡುವ ಗಾಡಿಯನ್ನು ನೋಡಿ ಆತನಿಗೆ ಆ ಯೋಚನೆ ಬಂದಿತ್ತು. ಮಂಡ್ಯದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹದಿನೆಂಟು ಅಂಗುಲ ಅಗಲದ, ನೆಲದಿಂದ ಆರು ಅಂಗುಲ ಎತ್ತರದ ಒಂದು ಗಾಲಿಮಣೆ ಮಾಡಿಸಿದೆವು. ಮೇಲೆ ದಪ್ಪ ಫೋಮು, ಅದರ ಮೇಲೆ ರೆಕ್ಸಿನ್. ಮಂಚವನ್ನು ತೆಗೆದು ಹಾಸಿಗೆಯನ್ನು ಮಣೆಯ ಎತ್ತರಕ್ಕೆ ಇಳಿಸಿದೆವು. ಎರಡರ ಮಟ್ಟವೂ ಒಂದಾದರೆ ಕೈಬಲವಿರುವವರು ತಾವೇ ಜರುಗಬಲ್ಲರು. ಎರಡು ಅಂಗುಲ ವ್ಯತ್ಯಾಸವಿದ್ದರೂ ಇನ್ನೊಬ್ಬರು ಬೇಕಾಗುತ್ತದೆ. ನಾಲೆಯ ನೀರಿಗೂ ಅದೇ ಲೆಕ್ಕ.

ತೊಡಕಾದದ್ದು ತಲೆಬಾಗಿಲ ಹೊಸ್ತಿಲು. ನಾಲ್ಕು ಅಂಗುಲ ಎತ್ತರದ ಹಳೆಯ ಮರದ ಹೊಸ್ತಿಲು, ಪ್ರತಿ ಶುಕ್ರವಾರ ಅರಿಸಿನ ಕುಂಕುಮ ಕಾಣುವಂಥದ್ದು. ಅದನ್ನು ಕೊಯ್ಯಿಸೋಣವೆಂದು ನಾನು ಅಂದದ್ದೇ ತಡ, ಅವರ ತಾಯಿ ಬಾಗಿಲಿಗೆ ಅಡ್ಡ ಬಂದು ಕುಳಿತರು. "ಒಸ್ಲು ಮುಟ್ಬ್ಯಾಡಿ ಕನಪ್ಪ, ಮಗ ಬಿದ್ದಾಗ್ಲೂ ಕಾಪಾಡಿರೋದು ಅದೇಯ" ಎಂದರು. ಹಿಂದಿನ ನಾನಾಗಿದ್ದರೆ ವಾದ ಮಾಡುತ್ತಿದ್ದೆ. ಆ ದಿನ ಸುಮ್ಮನೆ ಎದ್ದುಬಂದೆ. ವಾರದ ನಂತರ ಬಡಗಿಯೊಬ್ಬರು ಹೊಸ್ತಿಲನ್ನು ಮುಟ್ಟದೆಯೇ ಅದರ ಎರಡೂ ಬದಿಗೆ ಹಲಸಿನ ಹಲಗೆಯ ಇಳಿಜಾರು ತುಂಡುಗಳನ್ನು ಕೂಡಿಸಿಕೊಟ್ಟರು, ಶುಕ್ರವಾರ ಎತ್ತಿಟ್ಟು ಪೂಜೆ ಮಾಡಬಹುದು. ಈಗ ಆ ತುಂಡುಗಳಿಗೂ ಅಜ್ಜಿ ಕುಂಕುಮ ಇಡುತ್ತಾರೆ.

ಬಚ್ಚಲಿನ ನೆಲವನ್ನು ನುಣುಪಾಗಿ ತೀಡದೆ, ಸಿಮೆಂಟು ಹಸಿಯಿರುವಾಗಲೇ ಪೊರಕೆಯಿಂದ ಗೆರೆ ಎಳೆಸಿದೆವು. ಗೋಡೆಗೆ ಒಂದೂಕಾಲು ಅಂಗುಲದ ಕಬ್ಬಿಣದ ಪೈಪನ್ನು ಕೂಡಿಸಿದೆವು. ಅದರ ಎತ್ತರವನ್ನು ಪುಸ್ತಕ ನೋಡಿ ನಿರ್ಧರಿಸಲಿಲ್ಲ; ಆತನನ್ನು ನೆಲದ ಮೇಲೆ ಕೂರಿಸಿ, ಕೈ ಎಲ್ಲಿಗೆ ತಾನಾಗಿ ಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಒಂದು ವಾರ ಹಗ್ಗ ಕಟ್ಟಿ ನೋಡಿ, ಆಮೇಲೆ ಪೈಪು ಹಾಕಿದೆವು. ಇದು ನನ್ನ ಕೆಲಸದ ರೂಢಿಯೇ ಆಗಿದೆ: ಮೊದಲು ಹಗ್ಗ, ಆಮೇಲೆ ಕಬ್ಬಿಣ. ಹಗ್ಗವನ್ನು ಬಿಚ್ಚಬಹುದು.

ನನಗೆ ತಿಳಿಯದ, ಆದರೆ ತಿಳಿಯದೆ ಕೈಹಾಕಬಾರದ ವಿಷಯಗಳೂ ಅಲ್ಲಿದ್ದವು. ತಿಂಗಳಿಗೊಮ್ಮೆ ಮೈಸೂರಿನಿಂದ ಬರುತ್ತಿದ್ದ ಯುವ ಫಿಸಿಯೊಥೆರಪಿಸ್ಟ್ ಅವುಗಳನ್ನು ಹೇಳಿಕೊಟ್ಟರು. ಸ್ಪರ್ಶವಿಲ್ಲದ ಮೈಗೆ ಬಿಸಿನೀರಿನ ಹಂಡೆಯೂ ಅಪಾಯ. ನೀರನ್ನು ಸುರಿದುಕೊಳ್ಳುವ ಮೊದಲು ಸ್ಪರ್ಶವಿರುವ ಮೊಣಕೈಯಿಂದ ಮುಟ್ಟಿ ನೋಡಬೇಕು. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕುಳಿತಿರುವಾಗ ಆಗಾಗ ಕೈಯೂರಿ ಪೃಷ್ಠವನ್ನು ಎತ್ತಿ ಇಳಿಸಬೇಕು, ಇಲ್ಲವಾದರೆ ಒತ್ತಡದ ಹುಣ್ಣು ಒಳಗಿನಿಂದಲೇ ಬೆಳೆದು ಮೂಳೆಯವರೆಗೆ ಹೋಗುತ್ತದೆ. ಹುಣ್ಣಾಗದಿರಲೆಂದು ಸ್ಕೂಟರ್ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ಕೂರಿಸುವುದನ್ನು ನಾನು ಹಲವು ಮನೆಗಳಲ್ಲಿ ನೋಡಿ ಮೆಚ್ಚಿಕೊಂಡಿದ್ದೆ. ಅದು ಬೇಡ, ಟ್ಯೂಬಿನ ಅಂಚು ರಕ್ತಚಲನೆಯನ್ನು ತಡೆದು ಹುಣ್ಣನ್ನು ಹೆಚ್ಚಿಸುತ್ತದೆ ಎಂದು ಅವರು ವಿವರಿಸಿದ ಮೇಲೆ, ಆ ಮನೆಗಳಿಗೆಲ್ಲ ಮತ್ತೆ ಹೋಗಿ ಹೇಳಿಬಂದೆ.

ಆ ಫಿಸಿಯೊಥೆರಪಿಸ್ಟೇ ಒಂದು ದಿನ ಆತನನ್ನು, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಮೂತ್ರದ ಸೋಂಕು ಪದೇ ಪದೇ ಬರುತ್ತಿತ್ತು, ನೀರು ಹೆಚ್ಚು ಕುಡಿಯಿರಿ ಎಂದು ವೈದ್ಯರೂ ಹೇಳಿದ್ದರು. ಬೆಳಿಗ್ಗೆ ಎರಡು ಲೋಟ, ಮಧ್ಯಾಹ್ನ ಒಂದು, ಸಂಜೆ ಐದರ ಮೇಲೆ ಒಂದು ಗುಟುಕೂ ಇಲ್ಲ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಅವ್ಳು ರಾತ್ರಿನಾದ್ರೂ ಮಲೀಕಳ್ಳಿ ಅಂತ."

ನನಗೆ ಆ ಕ್ಷಣ ನಮ್ಮ ತಾಯಿಯ ನೆನಪಾಯಿತು. ಸೊಂಟದ ಮೂಳೆ ಮುರಿದು ಅವರು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಸಂಜೆಯಾದರೆ ಕಾಫಿ ಬೇಡ, ಮಜ್ಜಿಗೆ ಬೇಡ, ನೀರೂ ಬೇಡ. ವಯಸ್ಸಾದವರಿಗೆ ಬಾಯಾರಿಕೆ ಕಡಿಮೆ ಎಂದು ನಾನು ತಿಳಿದುಕೊಂಡಿದ್ದೆ. ಕುಡಿಯಮ್ಮಾ ಎಂದು ಗದರಿಯೂ ಇದ್ದೆ. ಮಂಡ್ಯದ ನಮ್ಮ ಮನೆಯಲ್ಲಿ ನಲ್ಲಿ ನೀರಿತ್ತು, ಟೈಲ್ಸ್ ಹಾಕಿದ ಬಚ್ಚಲಿತ್ತು, ಅಳತೆ ಮಾಡಬಲ್ಲ ಮಗನೂ ಇದ್ದ. ಅವರ ಮಂಚದಿಂದ ಬಚ್ಚಲಿಗೆ ಒಂದು ಹಿಡಿಕೆಯನ್ನು ಹಾಕಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, ಇಪ್ಪತ್ತೈದು ಮೈಲಿ ದೂರದ ಒಂದು ಹಳ್ಳಿಯ ಮನೆಯಲ್ಲಿ, ನನ್ನ ಸ್ವಂತ ಮನೆಯಲ್ಲಿ ನಡೆದದ್ದೇನು ಎಂದು ನನಗೆ ಅರ್ಥವಾಯಿತು. ನೋಟ ಬದಲಾಯಿತು ಎಂದು ಜನ ಹೇಳುವುದು ಇದನ್ನೇ ಆಗಿದ್ದರೆ, ಅದು ಹಿತವಾದ ಅನುಭವವಲ್ಲ.

ಅಲ್ಲಿಂದ ಮುಂದೆ ನಾನು ಮನೆಗಳಿಗೆ ಹೋಗುವ ರೀತಿ ಬೇರೆಯಾಯಿತು. ಏನು ಕೊರತೆಯಿದೆ ಎಂದು ಹುಡುಕುವುದಕ್ಕಿಂತ ಮೊದಲು, ಅವರು ಈಗಾಗಲೇ ಏನು ಮಾಡಿಕೊಂಡಿದ್ದಾರೆ ಎಂದು ನೋಡತೊಡಗಿದೆ. ನಾಗಮಂಗಲ ತಾಲ್ಲೂಕಿನ ಒಂದು ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಹಿಡಿತ ತಪ್ಪುವ ಸ್ಥಿತಿ, ಇರುವ ಆರು ವರ್ಷದ ಮಗುವಿತ್ತು. ಮೈ ಬಿಗಿಯಾಗಿ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು, ಎಲ್ಲಿ ಕೂರಿಸಿದರೂ ಜಾರುತ್ತಿತ್ತು. ತಾಯಿ ಮನೆಯ ಎರಡು ಗೋಡೆ ಕೂಡುವ ಮೂಲೆಯಲ್ಲಿ ಗೋಣಿಚೀಲಗಳನ್ನು ಮಡಚಿ ಒತ್ತಿ, ಕಾಲುಗಳ ನಡುವೆ ಸುತ್ತಿದ ಕಂಬಳಿ ಇಟ್ಟು, ಮುಂದೆ ಒಂದು ಮಣೆ ಹಾಕಿ ಮಗುವನ್ನು ಕೂರಿಸುತ್ತಿದ್ದರು. ಆ ಮೂಲೆಯಲ್ಲಿ ಮಗುವಿನ ಭುಜಗಳು ತಾವಾಗಿ ಮುಂದಕ್ಕೆ ಬರುತ್ತಿದ್ದವು, ಕೈಗಳು ಮಣೆಯ ಮೇಲಿನ ಡಬ್ಬಿಯ ಕಡೆ ಹೋಗುತ್ತಿದ್ದವು. ಇಂಥ ಮಕ್ಕಳಿಗೆಂದು ಮರದಲ್ಲಿ ಮಾಡುವ ಮೂಲೆಕುರ್ಚಿಯ ತತ್ತ್ವವೂ ಇದೇ ಎಂದು ಫಿಸಿಯೊಥೆರಪಿಸ್ಟ್ ಹೇಳಿದಾಗ ಆ ತಾಯಿಗೆ ಆಶ್ಚರ್ಯವಾಯಿತು. ಯಾರೂ ಆಕೆಗೆ ಕಲಿಸಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಆಕೆಯ ಮೂಲೆಯನ್ನು ಅಳೆದು ಪ್ಲೈವುಡ್‌ನಲ್ಲಿ ಅದನ್ನೇ ಕಟ್ಟಿಸಿದೆ. ಈಗ ಆ ಮೂಲೆಯನ್ನು ಜಗಲಿಗೆ ಎತ್ತಿಕೊಂಡು ಹೋಗಬಹುದು. ಮಗು ಬೀದಿ ನೋಡುತ್ತದೆ.

ಆ ಮಗುವಿಗೆ ಊಟ ಮಾಡಿಸುವುದು ದಿನಕ್ಕೆ ಮೂರು ಗಂಟೆಯ ಕೆಲಸವಾಗಿತ್ತು. ಅಗಿಯಲಾಗದು ಎಂದು ಮಲಗಿಸಿಕೊಂಡೇ ತೆಳ್ಳನೆಯ ರಾಗಿ ಅಂಬಲಿಯನ್ನು ಬಾಯಿಗೆ ಬಿಡುತ್ತಿದ್ದರು, ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು, ವರ್ಷಕ್ಕೆ ಎರಡು ಮೂರು ಸಲ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಎಂದರೆ ಮಾತು ಬಾರದವರಿಗೆ, ಕಿವಿ ಕೇಳದವರಿಗೆ ಮಾತ್ರ ಎಂದು ನಾನೂ ಅಂದುಕೊಂಡಿದ್ದೆ. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆಂದು ತಿಳಿದು ಅವರನ್ನು ಕರೆದುಕೊಂಡು ಹೋದೆ. ತೆಳ್ಳನೆಯದು ಸುಲಭ ಎಂಬುದು ನಮ್ಮ ಊಹೆ. ನುಂಗುವಿಕೆಯ ಹಿಡಿತವಿಲ್ಲದವರಿಗೆ ತೆಳ್ಳನೆಯದೇ ಬೇಗ ಶ್ವಾಸನಾಳಕ್ಕೆ ಜಾರುತ್ತದೆ. ನೆಟ್ಟಗೆ ಕೂರಿಸಿ, ಗಲ್ಲವನ್ನು ತುಸು ತಗ್ಗಿಸಿ, ಅಂಬಲಿಯನ್ನು ಗಂಜಿಯ ಹದಕ್ಕೆ ಗಟ್ಟಿ ಮಾಡಿ, ಸಣ್ಣ ಚಮಚದಲ್ಲಿ ಕೊಡಿ ಎಂದು ಹೇಳಿಕೊಟ್ಟರು. ಪ್ರತಿ ಮಗುವಿಗೂ ಇದೇ ಸರಿಯೆಂದು ಯಾರೂ ತಿಳಿಯಬಾರದು, ಮಗುವನ್ನು ಪರೀಕ್ಷಿಸಿಯೇ ಹದವನ್ನು ನಿರ್ಧರಿಸಬೇಕು. ಆ ತಾಯಿಗೆ ಹದದ ಮಾತು ಕೂಡಲೇ ಹಿಡಿಸಿತು. ಮುದ್ದೆ ಕಟ್ಟುವ ಕೈಗೆ ಹದವನ್ನು ಯಾರು ಹೇಳಿಕೊಡಬೇಕು?

ಮಳವಳ್ಳಿ ತಾಲ್ಲೂಕಿನ ಇನ್ನೊಂದು ಮನೆಯನ್ನು ನೆನೆಯದಿದ್ದರೆ ಈ ಬರಹ ಕುಂದುತ್ತದೆ. ರೇಷ್ಮೆ ಹುಳು ಸಾಕುವ ಮನೆ ಅದು. ಮನೆಯ ಹಿರಿಯ ಮಗಳಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ನಾವು ಹೋದಾಗ ಆಕೆಯ ಅತ್ತಿಗೆ ಸೊಪ್ಪಿನ ಬುಟ್ಟಿ ಹಿಡಿದು ಹುಳುಮನೆಯ ಕಡೆ ಹೊರಟಿದ್ದರು. ಒಳಗಿನಿಂದಲೇ ಈಕೆ ಕೂಗಿದರು: "ಉಳ ಜ್ವರಕ್ ಕುಂತವೆ ಕನವ್ವ, ಸೊಪ್ ಆಕ್ಬ್ಯಾಡ." ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಆಗ ಹುಳು ತಿನ್ನುವುದಿಲ್ಲ, ಸೊಪ್ಪು ಹಾಕಿದರೆ ಹಾಳು, ತೇವ ಹೆಚ್ಚಿದರೆ ರೋಗ. ಹುಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಸೋನೆಮಳೆ ಬಿದ್ದಂತೆ ಸದ್ದಾಗುತ್ತದೆ. ಆ ಸದ್ದು ತೆಳುವಾಗುತ್ತಾ ಹೋಗುವುದನ್ನು ಕಣ್ಣಿದ್ದವರಿಗಿಂತ ಮೊದಲು ಈಕೆ ಹಿಡಿಯುತ್ತಿದ್ದರು, ಮನೆಯವರು ಈಕೆಯ ಮಾತನ್ನು ಕೇಳಿಯೇ ಸೊಪ್ಪು ಕೊಯ್ಯುತ್ತಿದ್ದರು.

ಆದರೂ ಮನೆಗೂ ಹುಳುಮನೆಗೂ ನಡುವಿನ ನಲವತ್ತು ಅಡಿಯನ್ನು ಆಕೆ ಒಬ್ಬರೇ ದಾಟುವಂತಿರಲಿಲ್ಲ. ನಡುವೆ ಚಪ್ಪಡಿ ಮುರಿದ ಚರಂಡಿ. ಶಿಬಿರದಲ್ಲಿ ಕೊಟ್ಟ ಮಡಚುವ ಬಿಳಿಕೋಲು ಮನೆಯಲ್ಲಿತ್ತು. ಯಾಕೆ ಹಿಡಿಯುವುದಿಲ್ಲ ಎಂದು ಕೇಳಿದಾಗ ಬಗ್ಗಿ ನಡೆದು ಬೆನ್ನು ನೋಯುತ್ತದೆ ಎಂದರು. ಅಳೆದು ನೋಡಿದರೆ ಕೋಲು ಆಕೆಯ ಸೊಂಟಕ್ಕೆ ಬರುತ್ತಿತ್ತು. ನೆಲಕ್ಕೆ ಊರಿದಾಗ ಎದೆಮೂಳೆಯವರೆಗಾದರೂ ಬರಬೇಕು. ಉದ್ದದ ಕೋಲು ತಂದುಕೊಟ್ಟೆವು, ಎರಡು ಚಪ್ಪಡಿ ಹೊದಿಸಿದೆವು, ದಾರಿಯ ಒಂದು ಅಂಚಿಗೆ ಇಟ್ಟಿಗೆ ಸಾಲು ಹೂಳಿದೆವು. ಎಲ್ಲವೂ ಸೇರಿ ಒಂದು ದಿನದ ಕೆಲಸ. ಮೂವತ್ತೊಂದು ವರ್ಷ ಆಕೆಯನ್ನು ಒಳಗೆ ಕೂರಿಸಿದ್ದದ್ದು ಆ ಚರಂಡಿ.

ಕಾಗದಪತ್ರಗಳ ಕೆಲಸದ ಬಗ್ಗೆ ಕಡಿಮೆ ಹೇಳುತ್ತೇನೆ, ಸಮಯವನ್ನು ಹೆಚ್ಚು ತಿನ್ನುವುದು ಅದೇ ಆದರೂ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕುವುದು, ಆಧಾರ್ ಹೆಸರಿನ ಕಾಗುಣಿತ ಸರಿಪಡಿಸುವುದು, ವೈದ್ಯಕೀಯ ಮಂಡಳಿಯ ದಿನಕ್ಕೆ ವಾಹನ ಗೊತ್ತು ಮಾಡುವುದು, ಮಾಸಾಶನ ನಿಂತುಹೋದಾಗ ನಾಡಕಚೇರಿಗೆ ಅಲೆಯುವುದು. ಓದುಬರಹ ಬಲ್ಲ ನಿವೃತ್ತರು ಯಾರಾದರೂ ಈ ಕೆಲಸಕ್ಕೆ ವಾರದಲ್ಲಿ ಒಂದು ದಿನ ಕೊಟ್ಟರೂ ಒಂದು ಪಂಚಾಯಿತಿಗೆ ದೊಡ್ಡ ಉಪಕಾರವಾಗುತ್ತದೆ. ಸೌಲಭ್ಯಗಳಿಗೆ ಶೇ 40ರಷ್ಟು ವೈಕಲ್ಯವಿರಬೇಕೆಂಬ ಮಿತಿಯಿದೆ. ಆಲೆಮನೆಯ ಗಾಣದಲ್ಲಿ ಕಬ್ಬು ಕೊಡುತ್ತಿದ್ದಾಗ ಬೆರಳುಗಳನ್ನು ಕಳೆದುಕೊಂಡ ಒಬ್ಬರಿಗೆ ಪ್ರಮಾಣಪತ್ರದಲ್ಲಿ ಅದಕ್ಕಿಂತ ಕಡಿಮೆ ಬಂತು. ಬೆರಳುಗಳ ಲೆಕ್ಕದಲ್ಲಿ ಅದು ಸರಿಯೇ ಇದ್ದಿರಬಹುದು. ಕತ್ತಿ ಹಿಡಿದು ಕಬ್ಬು ಕಡಿಯುವ ಕೂಲಿಗೆ ಮಾತ್ರ ಅವರು ನೂರಕ್ಕೆ ನೂರು ಹೊರಗಾಗಿದ್ದರು. ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ಅವರು ಮಂಡ್ಯದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಆ ಒಂದು ಗಂಟೆಯನ್ನು ನಾನು ಮರೆಯಲಾರೆ. ಅವರಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ, ಈಗಲೂ ತೋಚುವುದಿಲ್ಲ. ಗಾಣದ ಹಲ್ಲುಗಳಿಗೆ ಕಬ್ಬಿಣದ ರಕ್ಷಾಕವಚ ಹಾಕಿಸಿ ಎಂದು ಆ ಸುತ್ತಿನ ಆಲೆಮನೆಗಳಿಗೆ ನಾವಿಬ್ಬರೂ ಹೋಗಿ ಕೇಳಿದೆವು. ಎರಡು ಕಡೆ ಹಾಕಿಸಿದರು.

ಈಗ ನನ್ನ ಚೀಲದಲ್ಲಿ ಟೇಪು, ಸೀಮೆಸುಣ್ಣ, ಹತ್ತು ಗಜ ಹಗ್ಗ, ಮಟ್ಟದ ಕೊಳವೆ ಮತ್ತು ಒಂದು ನೋಟ್‌ಬುಕ್ ಇರುತ್ತವೆ. ಗುರುವಾರ ಮತ್ತು ಶನಿವಾರ ಹೋಗುತ್ತೇನೆ, ಒಂದು ದಿನಕ್ಕೆ ಎರಡೇ ಮನೆ. ನೆಲದ ಮೇಲೆ ಇರುವವರ ಮನೆಯಲ್ಲಿ ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಅವರ ಕಣ್ಣಿನ ಎತ್ತರದಲ್ಲಿ ಕುಳಿತಾಗ ನಲ್ಲಿ, ಸ್ವಿಚ್ಚು, ಚಿಲಕ ಎಷ್ಟು ಮೇಲಿವೆ ಎಂಬುದು ಕೇಳದೆಯೇ ತಿಳಿಯುತ್ತದೆ. ಮನೆಯವರೊಂದಿಗೆ ಮಾತಾಡುವ ಮೊದಲು ಆ ವ್ಯಕ್ತಿಯೊಂದಿಗೇ ಮಾತಾಡುತ್ತೇನೆ, ಮಾತು ಬಾರದವರಾದರೂ ಅವರ ಮುಖ ನೋಡಿಯೇ ಕೇಳುತ್ತೇನೆ. ಊರಿನವರು ಕುಂಟ, ಮೂಗ ಎಂದು ಕರೆಯುವವರ ನಿಜವಾದ ಹೆಸರನ್ನು ಮೊದಲ ದಿನವೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಒಮ್ಮೆ ಒಬ್ಬ ಅಜ್ಜ ತಮ್ಮ ಹೆಸರು ಹೇಳಲು ಸ್ವಲ್ಪ ಹೊತ್ತು ಯೋಚಿಸಿದರು.

ತೆಂಗಿನ ಮರದಿಂದ ಬಿದ್ದಿದ್ದ ಆ ಸ್ನೇಹಿತರು ಈಗ ಜಗಲಿಯ ಮೇಲೆ ಒಂದು ಸಣ್ಣ ಅಂಗಡಿ ಇಟ್ಟಿದ್ದಾರೆ: ಬೀಡಿ, ಬೆಂಕಿಪೊಟ್ಟಣ, ಮಕ್ಕಳ ಬಿಸ್ಕತ್ತು, ಮೊಬೈಲ್ ರೀಚಾರ್ಜ್. ಬೀದಿಗೆ ಇಳಿಯುವ ದಾರಿ ಇನ್ನೂ ಆಗಿಲ್ಲ. ಎದುರು ಮನೆಯವರು ಚರಂಡಿಯ ಮೇಲೆ ಚಪ್ಪಡಿ ಹಾಕಲು ಒಪ್ಪಿದರೆ ಇಳಿಜಾರನ್ನು ಗೋಡೆಯ ಉದ್ದಕ್ಕೂ ತಿರುಗಿಸಬಹುದೆಂದು ಅವರೇ ಲೆಕ್ಕ ಹಾಕಿಟ್ಟಿದ್ದಾರೆ. ಬೆನ್ನುಹುರಿ ಪೆಟ್ಟಾದವರ ಹೊಸ ಮನೆ ಯಾವುದಾದರೂ ಸಿಕ್ಕರೆ ನಾನು ಒಬ್ಬನೇ ಹೋಗುವುದಿಲ್ಲ, ಅಲ್ಲಿಂದ ಅವರಿಗೆ ವಿಡಿಯೊ ಕರೆ ಮಾಡಿ ಫೋನನ್ನು ಮಲಗಿರುವವರ ಕೈಗೆ ಕೊಡುತ್ತೇನೆ. ಕಳೆದ ಗುರುವಾರ ಕೆ.ಆರ್. ಪೇಟೆ ಕಡೆಯ ಒಂದು ಊರಿನಲ್ಲಿ, ಟ್ರ್ಯಾಕ್ಟರ್ ಮಗುಚಿ ಎಂಟು ತಿಂಗಳಿಂದ ಹಾಸಿಗೆಯಲ್ಲಿರುವ ಹುಡುಗನೊಬ್ಬ ಗೋಡೆಯ ಕಡೆ ತಿರುಗಿ ಮಲಗಿದ್ದ. ನನ್ನೊಂದಿಗಾಗಲಿ, ಕಾರ್ಯಕರ್ತೆಯೊಂದಿಗಾಗಲಿ ಮಾತಾಡಿರಲಿಲ್ಲ. ಫೋನನ್ನು ಅವನ ಮುಖದ ಹತ್ತಿರ ಹಿಡಿದೆ. ಆ ಕಡೆಯಿಂದ ಅವರು ಕುಶಲ ಕೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. "ತಮ್ಮ, ಸಂಜೆ ಮೇಲೆ ನೀರ್ ಕುಡೀತೀಯಾ?" ಎಂದು ಕೇಳಿದರು. ಹುಡುಗ ಫೋನಿನ ಕಡೆ ತಿರುಗಿದ.